ಟಕ್ ಎನ್ನುವ ಜೋಡಿಗಳು

ಜವಳಗಿರಿ ದಾಟಿ ಎರಡು ತಿರುವು ಕಳೆಯುವಷ್ಟರಲ್ಲಿ ಕಂಪನಿ ಬಸ್ಸು ನಿಂತಿತು. ಡ್ರೈವರ್ ಲಕ್ಷ್ಮಣಪ್ಪ ಹೆಡ್‌ಲೈಟು ಆರಿಸಿದ, ಎಂಜಿನ್ನು ಆರಿಸಿದ, ಹಿಂದಕ್ಕೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಮೂವತ್ತು ಹೆಂಗಸರ ಮಾತು ಒಂದೇ ಏಟಿಗೆ ಅಡಗಿತು. ‘ಡೆಡ್ ಸೈಲೆನ್ಸ್’ ಎಂದುಕೊಂಡಳು ವನಿತಾ, ಆನೆಯನ್ನು ನೋಡುವುದಕ್ಕೂ ಮೊದಲೇ. ಒಂದು ತಿಂಗಳಿಂದ ಅವಳಿಗೆ ಹಿಡಿದ ಜ್ವರ ಇದು. ಕಣ್ಣಿಗೆ ಬಿದ್ದದ್ದೆಲ್ಲ ಇಂಗ್ಲಿಷಿನ ಒಂದು ಜೊತೆಯನ್ನು ಕರೆದುಕೊಂಡೇ ಬರುತ್ತಿತ್ತು. ಕಾಫಿ ‘ಸ್ಟ್ರಾಂಗ್’ ಜೊತೆಗೆ, ಮಳೆ ‘ಹೆವಿ’ ಜೊತೆಗೆ, ತಪ್ಪು ‘ಮೇಕ್’ ಜೊತೆಗೆ, ಮಗಳ ಹೋಂವರ್ಕು ‘ಡೂ’ ಜೊತೆಗೆ. ಗಂಡ ನಂದೀಶ್ ಸ್ನಾನಕ್ಕೆ ಹೋದರೆ ಅದು ‘ಟೇಕ್’, ಅತ್ತೆ ಗಲಾಟೆ ಎಬ್ಬಿಸಿದರೆ ಅದು ‘ಮೇಕ್’. ಹೊಸೂರು ಸೀಮೆಯಲ್ಲಿ ಅಷ್ಟು ಜೋಡಿ ಮಾತುಗಳನ್ನು ಹೊತ್ತ ತಲೆ ಇನ್ನೊಂದಿರಲಿಲ್ಲ. ಇದ್ದಿದ್ದರೆ ಅದು ಯಾವತ್ತೋ ಬಿರಿದುಹೋಗಿರುತ್ತಿತ್ತು. ಹೊರಗೆ ಬಿದಿರು ಅಲುಗಿತು. ರಾತ್ರಿಯಿಡೀ ಯಾರದೋ ರಾಗಿ ಮೇಯ್ದು ಕಾಡಿಗೆ ಹಿಂತಿರುಗುತ್ತಿದ್ದ ಆನೆಯೊಂದು ರಸ್ತೆಯ ನಡುವೆ ಬಂದು, ಇಡೀ ತಮಿಳುನಾಡನ್ನು ತನಗೆ ಬರೆದುಕೊಟ್ಟಿದ್ದಾರೆ ಎಂಬಂತೆ ನಿಂತಿತು. ಅದರ ಹಿಂದೆ ಇನ್ನೊಂದು. ಅಷ್ಟೇ, ಎರಡು. ವನಿತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎಂಟು ಗಂಟೆಗೆ ಸರಿಯಾಗಿ ಅವಳು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕಿತ್ತು. ಮಾತಾಡಿ ಗೆದ್ದರೆ ಫ್ಯಾಕ್ಟರಿಯ ಎ ಲೈನಿನ ಲೀಡರ್. ಸೋತರೆ ಏನಾಗುತ್ತದೆ ಎಂಬುದನ್ನು ಅವಳು ಒಂದು ತಿಂಗಳಿಂದ ಯೋಚಿಸದೆ ಉಳಿದಿದ್ದಳು. ಎರಡು ಆನೆಗಳು ಈಗ ಅದಕ್ಕೆ ಬೇಕಾದಷ್ಟು ಪುರುಸೊತ್ತು ಮಾಡಿಕೊಟ್ಟವು.

ಸೋತರೆ ಊರು ಬಿಡಬೇಕಾಗುತ್ತದೆ. ಏಕೆಂದರೆ ಊರಿನಲ್ಲಿ ಅವಳು ಆಗಲೇ ಲೀಡರ್ ಆಗಿದ್ದಳು. ತಿಂಗಳ ಹಿಂದೆ ಒಂದು ಭಾನುವಾರ ಮಧ್ಯಾಹ್ನ ಜಗುಲಿಯ ಮೇಲೆ ಅತ್ತೆ ಅಕ್ಕಯಮ್ಮ ನಾಲ್ಕು ಜನರ ಮುಂದೆ ಅವರೆಕಾಯಿ ಸುಲಿಯುತ್ತ, ನಮ್ಮ ಸೊಸೆ ಹನ್ನೊಂದು ವರ್ಷದಿಂದ ಒಂದೇ ವೈರಿಗೆ ಒಂದೇ ಟೇಪು ಸುತ್ತುತ್ತಾಳೆ, ಆ ವೈರು ಇನ್ನೂ ಮುಗಿದಿಲ್ಲ ಎಂದಿದ್ದಳು. ನಾಲ್ವರೂ ನಕ್ಕಿದ್ದರು. ಆ ನಗು ಮುಗಿಯುವುದರೊಳಗೆ ವನಿತಾಳ ಬಾಯಿಂದ ಮಾತು ಹೊರಟುಹೋಗಿತ್ತು: ಮೊನ್ನೆಯಿಂದ ತಾನು ಲೀಡರ್, ಕೈಕೆಳಗೆ ಇಪ್ಪತ್ತಾರು ಜನ. ಇಪ್ಪತ್ತಾರು ಎಂದದ್ದು ಸಂಜೆ ನಂದೀಶನ ಕಿವಿಗೆ ಬೀಳುವಾಗ ಇನ್ನೂರ ಅರವತ್ತಾಗಿತ್ತು. ಆ ಸೊನ್ನೆಯನ್ನು ಸೇರಿಸಿದ್ದೂ ಅವಳೇ. ಅತ್ತೆ ಮಾರನೆಯ ದಿನ ಕಜ್ಜಾಯ ಸುಟ್ಟು ಬೀದಿಗೆಲ್ಲ ಹಂಚಿದಳು. ನೆರೆಮನೆಯ ಕದಿರಮ್ಮ ತನ್ನ ತಂಗಿಯ ಮಗಳಿಗೊಂದು ಕೆಲಸ ಎಂದು ಎರಡು ಸಲ ಬಂದುಹೋದಳು, ಮೂರನೆಯ ಸಲ ಕುಂಬಳಕಾಯಿ ತಂದಳು. ಸುಳ್ಳು ಹೇಳುವುದಕ್ಕೂ ಇಂಗ್ಲಿಷಿನಲ್ಲಿ ‘ಟೆಲ್’, ನಿಜ ಹೇಳುವುದಕ್ಕೂ ‘ಟೆಲ್’. ಎರಡಕ್ಕೂ ಒಂದೇ ಜೊತೆ ಎಂದು ಗೊತ್ತಾದ ದಿನ ಆ ಭಾಷೆಯ ಮೇಲೆ ಅವಳಿಗೆ ಮೊದಲ ಬಾರಿ ಮಮತೆ ಹುಟ್ಟಿತ್ತು.

ಆನೆ ಕಿವಿ ಬೀಸಿತು. ಮುಂದಿನ ಸೀಟಿನಲ್ಲಿ ಭಾನು ಕಿಟಕಿಗೆ ಹಣೆ ಒತ್ತಿ ಕುಳಿತಿದ್ದಳು. ಅವಳ ಜಡೆ, ಜಡೆಯ ತುದಿಯ ಕಪ್ಪು ರಬ್ಬರು, ಕುತ್ತಿಗೆಯ ಬೆವರು, ಇಷ್ಟೇ ವನಿತಾಳಿಗೆ ಕಾಣುತ್ತಿತ್ತು, ಅಷ್ಟನ್ನು ನೋಡುವುದೇ ಕಷ್ಟವಾಗಿತ್ತು. ಇವತ್ತಿನ ಪರೀಕ್ಷೆಗೆ ಇದ್ದವರು ಇಬ್ಬರೇ, ಒಬ್ಬಳು ತಾನು, ಇನ್ನೊಬ್ಬಳು ಭಾನು. ಮತ್ತು ಜೋಡಿ ಮಾತುಗಳ ಆ ನೋಟುಬುಕ್ಕು ಭಾನುವಿನದು. ನೂರ ತೊಂಬತ್ತು ಪುಟ, ಎಡಕ್ಕೊಂದು ಮಾತು, ಬಲಕ್ಕೊಂದು ಮಾತು, ಕೆಳಗೊಂದು ವಾಕ್ಯ, ಕೊನೆಯ ಎರಡು ಪುಟದಲ್ಲಿ ಲೀಡರ್ ಬೆಳಿಗ್ಗೆ ಮಾತಾಡಬೇಕಾದ ಐದು ನಿಮಿಷದ ಭಾಷಣ. ಎರಡು ದಿನಕ್ಕೆಂದು ಇಸಿದುಕೊಂಡ ವನಿತಾ ಇಪ್ಪತ್ತೆಂಟು ದಿನ ಕೊಟ್ಟಿರಲಿಲ್ಲ. ಮೊದಲ ವಾರ ಮರೆತೆ ಎಂದಳು. ಎರಡನೆಯ ವಾರ ಮಗಳು ಸ್ಕೂಲಿಗೆ ಒಯ್ದಳು ಎಂದಳು. ಮೂರನೆಯ ವಾರ ಭಾನು ಕೇಳುವುದನ್ನೇ ಬಿಟ್ಟಳು, ಅದು ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು. ಕೇಳದೆ ಇರುವವಳ ಮುಂದೆ ಯಾವ ಸುಳ್ಳನ್ನು ಹೇಳುವುದು? ಈಗಲೂ ಪುಸ್ತಕ ವನಿತಾಳ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗಿತ್ತು. ಕೈ ಚಾಚಿದರೆ ಆ ಜಡೆಯ ಪಕ್ಕದಲ್ಲೇ ಇಡಬಹುದಿತ್ತು. ಅವಳು ಕೈ ಚಾಚಲಿಲ್ಲ. ಲಕ್ಷ್ಮಣಪ್ಪ ಮೆಲ್ಲಗೆ ಉಸಿರು ಎಳೆದುಕೊಂಡ. ‘ಡೀಪ್ ಬ್ರೆತ್’ ಎಂದಿತು ತಲೆ, ನಾಚಿಕೆಯಿಲ್ಲದೆ.

ಜೋಡಿಗಳು ಅವಳ ತಲೆಗೆ ಹತ್ತಿದ್ದು ಓದಿನಿಂದಲ್ಲ, ಕೈಯಿಂದ. ಭಾನು ಬರೆದು ಕಲಿತಳು; ವನಿತಾಳಿಗೆ ಬರೆದದ್ದು ಸಂಜೆಗೇ ಹಾರಿಹೋಗುತ್ತಿತ್ತು. ಫ್ಯಾಕ್ಟರಿಯಲ್ಲಿ ಅವರದು ಕಾರಿನೊಳಗೆ ಹೋಗುವ ವೈರಿನ ಕಟ್ಟುಗಳನ್ನು ಕಟ್ಟುವ ಕೆಲಸ. ಎದುರಿಗೆ ಬಾಗಿಲಷ್ಟು ದೊಡ್ಡ ಹಲಗೆ, ಅದರ ಮೇಲೆ ವೈರುಗಳ ದಾರಿ, ಪ್ರತಿ ವೈರಿನ ತುದಿಗೂ ಒಂದು ಪ್ಲಾಸ್ಟಿಕ್ ಗೂಡು. ಸೇರಿದ ದಿನವೇ ಹೇಳಿಕೊಡುವುದು ಮೂರು ಮಾತು: ಒತ್ತು, ಟಕ್, ಎಳೆ. ಗೂಡಿಗೆ ವೈರನ್ನು ಒತ್ತಬೇಕು, ಟಕ್ ಎಂದು ಕೂತದ್ದು ಬೆರಳಿಗೆ ಕೇಳಬೇಕು, ಆಮೇಲೆ ಮೆಲ್ಲಗೆ ಹಿಂದಕ್ಕೆ ಎಳೆದು ನೋಡಬೇಕು. ಬಂದರೆ ಅದರ ಜಾಗ ಅದಲ್ಲ. ಬಾರದಿದ್ದರೆ ಕಾರು ಗುಜರಿಗೆ ಹೋಗುವವರೆಗೂ ಅಲ್ಲೇ. ಹಳದಿ ಗೆರೆಯ ಹಸಿರು ಈ ಗೂಡಿಗೇ ಏಕೆ, ಆ ಗೂಡಿಗೆ ಏಕಲ್ಲ ಎಂದು ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಒಂದು ದಿನ ವೈರು ಒತ್ತುತ್ತ ‘ಹೆವಿ’ ಎಂದಳು, ‘ರೈನ್’ ಎಂದಳು, ಟಕ್ ಎಂದಿತು. ಎಳೆದಳು, ಬರಲಿಲ್ಲ. ‘ಸ್ಟ್ರಾಂಗ್ ರೈನ್’ ಎಂದು ಒತ್ತಿದಳು. ಎಳೆದರೆ ಬೆಣ್ಣೆಯಿಂದ ಕೂದಲು ಬಂದ ಹಾಗೆ ಬಂತು. ಅಂದಿನಿಂದ ದಿನಕ್ಕೆ ಸಾವಿರದ ಇನ್ನೂರು ವೈರು, ಸಾವಿರದ ಇನ್ನೂರು ಜೋಡಿ. ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಅಷ್ಟು ಅಭ್ಯಾಸ ಸಿಕ್ಕಿರಲಾರದು. ಪಕ್ಕದ ಹಲಗೆಯ ಶರ್ಮಿಳಾ, ವನಿತಕ್ಕನಿಗೆ ಏನೋ ಮೆಟ್ಟಿಕೊಂಡಿದೆ ಎಂದು ಕ್ಯಾಂಟೀನಿನಲ್ಲಿ ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿಬಂದಳು.

ಆನೆಗಳು ಹೋದದ್ದು ಯಾವಾಗ ಎಂದು ಅವಳು ಗಮನಿಸಲಿಲ್ಲ. ಬಸ್ಸು ತಳಿ ದಾಟಿತು, ಮತ್ತಿಗಿರಿ ದಾಟಿತು, ಹೊಸೂರು ದಾಟಿ ಜೂಜುವಾಡಿಯ ಹತ್ತಿರ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಗೇಟಿನ ಗಡಿಯಾರ ಹತ್ತೂ ಹತ್ತು. ಕುಮಾರೇಶ್ ಕೈಗಡಿಯಾರವನ್ನು ಉಗುರಿನಿಂದ ಕುಟ್ಟುತ್ತ ಬಾಗಿಲಲ್ಲೇ ನಿಂತಿದ್ದ. ಕೆಲಸಗಾರರ ವಿಚಾರ ನೋಡಿಕೊಳ್ಳುವ ಆಫೀಸರ್. ತಮಿಳು ಬಿಟ್ಟರೆ ಇಂಗ್ಲಿಷು, ಇಂಗ್ಲಿಷು ಬಿಟ್ಟರೆ ಮುಗುಳ್ನಗೆ. ಆ ಮುಗುಳ್ನಗೆಯನ್ನು ಕಂಡರೆ ವನಿತಾಳಿಗೆ ಗೊತ್ತಿದ್ದದ್ದೂ ಮರೆಯುತ್ತಿತ್ತು. ಹೋದ ವರ್ಷದ ಆಯ್ಕೆಯಲ್ಲಿ ನಿನ್ನ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಎಂದಿದ್ದ. ಅವಳು ‘ಐ ಆಮ್ ವನಿತಾ’ ಎಂದಳು. ಮುಂದಕ್ಕೆ ಎಂದ. ‘ಐ ಆಮ್ ವನಿತಾ’ ಎಂದು ಇನ್ನೂ ಜೋರಾಗಿ ಹೇಳಿದಳು. ನಾಲ್ಕನೆಯ ಸಲ ಹೇಳುವಾಗ ಅವಳ ದನಿ ಅಂಗಡಿ ಬೀದಿಯಲ್ಲಿ ಸೊಪ್ಪು ಕೂಗುವವಳ ದನಿಯಾಗಿತ್ತು, ಅವನು ಮೇಜಿನ ಕೆಳಗೆ ಪೆನ್ನು ಹುಡುಕುವ ನೆಪದಲ್ಲಿ ಬಗ್ಗಿದ್ದ. ಪೆನ್ನು ಅವನ ಜೇಬಿನಲ್ಲೇ ಇತ್ತು. ಅದನ್ನು ಅವಳು ನೋಡಿದ್ದಳು, ನೋಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ಹಿಗ್ಗಿಸದೆ, ಕುಗ್ಗಿಸದೆ ಎದೆಯೊಳಗೆ ಇಟ್ಟುಕೊಂಡ ಒಂದೇ ಸಂಗತಿ ಅದು.

ತರಬೇತಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಪುಣೆಯ ಮೇಡಂ ಕಿಟಕಿಯ ಪಕ್ಕ ಕುಳಿತಿದ್ದರು, ನರೆತ ಗಿಡ್ಡ ಕೂದಲು, ಕಾಲಿಗೆ ಫ್ಯಾಕ್ಟರಿ ಬೂಟು. ಇವರು ಕಟ್ಟಿದ ವೈರುಗಳೆಲ್ಲ ಹೋಗುವುದು ಅವರ ಕಂಪನಿಗೆ. ಇನ್ನು ಮೇಲೆ ಲೀಡರ್ ಆದವಳು ದಿನಾ ಬೆಳಿಗ್ಗೆ ಪರದೆಯ ಮೇಲೆ ಅವರೊಂದಿಗೇ ಮಾತಾಡಬೇಕು, ಅವರಿಗೆ ಕನ್ನಡ, ತಮಿಳು ಎರಡೂ ಬಾರದು. ಲೈನಿನ ಹೆಂಗಸರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಕುಮಾರೇಶ್ ಮೊದಲು ಭಾನುವನ್ನು ಕರೆದ. ಭಾನು ತಡವಾದುದಕ್ಕೆ ಕ್ಷಮೆ ಕೇಳಿ ಭಾಷಣ ಶುರುಮಾಡಿದಳು. ಎರಡನೆಯ ವಾಕ್ಯಕ್ಕೇ ವನಿತಾಳಿಗೆ ಗುರುತು ಸಿಕ್ಕಿತು. ‘ವಿ ಮೇಡ್ ಸ್ಟೆಡಿ ಪ್ರೋಗ್ರೆಸ್’ ಎಂದಳು ಭಾನು, ಅದು ವನಿತಾಳ ವಾಕ್ಯ. ‘ವಿ ಪೇ ಕ್ಲೋಸ್ ಅಟೆನ್ಷನ್ ಟು ಕ್ವಾಲಿಟಿ’ ಎಂದಳು, ಅದೂ ವನಿತಾಳದೇ. ಕೊನೆಯ ಎರಡು ಪುಟದ ಭಾಷಣ. ಇಪ್ಪತ್ತೆಂಟು ದಿನ ಬಸ್ಸಿನಲ್ಲಿ, ಒಲೆಯ ಮುಂದೆ, ಮಗಳ ತಲೆ ಬಾಚುತ್ತ ವನಿತಾ ಬಾಯಿಪಾಠ ಮಾಡಿದ್ದು ಅದನ್ನೇ, ಅಕ್ಷರ ಬಿಡದೆ. ಇವಳು ಇದನ್ನೇ ಹೇಳುತ್ತಾಳೆಂದು ಆನೆಗೂ ಹೊಳೆಯುತ್ತಿತ್ತು, ತನಗೇಕೆ ಹೊಳೆಯಲಿಲ್ಲ? ಭಾನುವಿನ ಬಾಯಿಂದ ಒಂದೊಂದು ವಾಕ್ಯ ಹೊರಬಿದ್ದಂತೆ ವನಿತಾಳ ಬಾಯಿಂದ ಒಂದೊಂದು ವಾಕ್ಯ ಖಾಲಿಯಾಯಿತು. ಕದ್ದ ಮಾಲು ತನ್ನ ಒಡತಿಯನ್ನು ಕಂಡು ಮನೆಗೆ ಹಿಂತಿರುಗಿದ ಹಾಗೆ. ಮೇಡಂ ತಲೆಯಾಡಿಸಿದರು, ಒಂದು ಸಲ ಗಡಿಯಾರ ನೋಡಿದರು, ಏನೋ ಬರೆದುಕೊಂಡರು. ಭಾನು ಎಲ್ಲಿಯೂ ತಪ್ಪಲಿಲ್ಲ.

“ವನಿತಾ, ಈ ಸಲನಾದ್ರೂ ಹೆಸರು ಬಿಟ್ಟು ಬೇರೆ ಏನಾದ್ರೂ ಹೇಳುವಿಯಾಮ್ಮಾ?” ಎಂದ ಕುಮಾರೇಶ್, ಅಪರೂಪಕ್ಕೆ ಬಾಯಿಗೆ ಬರುವ ತನ್ನ ತಮಿಳು ಎಳೆತದ ಕನ್ನಡದಲ್ಲಿ. ಗೋಡೆಯ ಕಡೆ ಯಾರೋ ಕಿಸಕ್ಕೆಂದರು.

ಅವಳು ನಡುವೆ ಬಂದು ನಿಂತಳು. ಬಾಯಿ ತೆರೆದಳು, ಒಳಗೆ ಏನೂ ಇರಲಿಲ್ಲ. ಅತ್ತೆಯ ಕಜ್ಜಾಯದ ತಟ್ಟೆ ಮನೆಮನೆಯಿಂದ ಹಿಂದಕ್ಕೆ ಬರುತ್ತಿತ್ತು, ಕದಿರಮ್ಮ ತನ್ನ ಕುಂಬಳಕಾಯಿಯನ್ನು ವಾಪಸು ಕೇಳುತ್ತಿದ್ದಳು. ‘ಐ ಆಮ್’ ಎಂಬಲ್ಲಿಯವರೆಗೆ ಮಾತು ಗಂಟಲಿಗೆ ಬಂದೇಬಿಟ್ಟಿತ್ತು. ಆಗ ಮೇಡಂ, ಬಹುಶಃ ಅಯ್ಯೋ ಎನ್ನಿಸಿ, ಕನ್ನಡಕ ತೆಗೆದು ಇಂಗ್ಲಿಷಿನಲ್ಲಿ ಸುಮ್ಮನೆ ಕೇಳಿದರು, ಹೋಗಲಿ, ನಿಮ್ಮ ಬಸ್ಸು ಏಕೆ ತಡವಾಯಿತು?

ಏಕೆ ತಡವಾಯಿತು ಎಂದು ವನಿತಾಳನ್ನು ಕೇಳುವುದು ಕಟ್ಟೆಯ ತೂಬನ್ನು ಎತ್ತಿದ ಹಾಗೆ. ನಡೆದದ್ದನ್ನು ನಡೆದಷ್ಟೇ ಹೇಳಿ ಅವಳಿಗೆ ಹುಟ್ಟಿನಿಂದ ಗೊತ್ತಿರಲಿಲ್ಲ. ‘ಎಲಿಫೆಂಟ್ಸ್’ ಎಂದಳು. ಎಷ್ಟು ಎಂದು ಯಾರೂ ಕೇಳದಿದ್ದರೂ ‘ಇಲೆವೆನ್’ ಎಂದಳು. ಕೈ ತಾನಾಗಿ ಎದೆಯ ಮಟ್ಟಕ್ಕೆ ಎದ್ದಿತು. ‘ನ್ಯಾರೋ ರೋಡ್’ ಎಂದು ಬಲಗೈಯ ಬೆರಳನ್ನು ಎಡಗೈಯ ಮುಷ್ಟಿಗೆ ಒತ್ತಿದಳು, ಟಕ್, ಎಳೆದಳು, ಬರಲಿಲ್ಲ. ‘ಥಿಕ್ ಫಾರೆಸ್ಟ್’, ಟಕ್. ‘ಸ್ಟ್ರಾಂಗ್ ಡಾರ್ಕ್’ ಎಂದಳು. ಎಳೆದರೆ ಬಂದುಬಿಟ್ಟಿತು, ಅದನ್ನು ತೊಟ್ಟಿಗೆ ಎಸೆದ ಹಾಗೆ ಪಕ್ಕಕ್ಕೆ ಕೈ ಒದರಿ ಇನ್ನೊಂದು ಹೆಕ್ಕಿದಳು, ‘ಪಿಚ್ ಡಾರ್ಕ್’, ಟಕ್. ‘ಡ್ರೈವರ್ ಟುಕ್ ಎ ಡೀಪ್ ಬ್ರೆತ್. ವಿ ಹೆಲ್ಡ್ ಅವರ್ ಬ್ರೆತ್.’ ಒಂದೇ ಉಸಿರನ್ನು ಒಬ್ಬರು ಎಳೆದುಕೊಂಡರು, ಇನ್ನೊಬ್ಬರು ಹಿಡಿದುಕೊಂಡರು, ಎರಡೂ ಗೂಡು ಬೇರೆ, ಎರಡೂ ಕೂತವು. ಮುದಿ ಸಲಗ ‘ಲಾಸ್ಟ್ ಹಿಸ್ ಟೆಂಪರ್’. ಲಕ್ಷ್ಮಣಪ್ಪ ‘ಕೆಪ್ಟ್ ಹಿಸ್ ಪ್ರಾಮಿಸ್’, ಹೆಂಗಸರನ್ನು ಬಿಟ್ಟು ಓಡಲಿಲ್ಲ. ಸಲಗ ಸೊಂಡಿಲಿನಿಂದ ಬಸ್ಸಿನ ನೆತ್ತಿಯನ್ನು ತಟ್ಟಿ ‘ಮೇಡ್ ಎ ಟೆರಿಬಲ್ ನಾಯ್ಸ್’, ಮೂವತ್ತು ಜನ ‘ಸೇಡ್ ಎ ಪ್ರೇಯರ್’, ಆಗ ತಾನು ಒಬ್ಬಳೇ ‘ಟುಕ್ ಎ ಡಿಸಿಷನ್’. ಏನು ಡಿಸಿಷನ್ ಎಂದು ಅವಳಿಗೇ ಗೊತ್ತಿರಲಿಲ್ಲ. ಹೇಳುತ್ತ ಹೋದಂತೆ ಗೊತ್ತಾಯಿತು. ಕಿಟಕಿಯ ಗಾಜು ಸರಿಸಿ ಆನೆಯ ಕಣ್ಣಲ್ಲಿ ಕಣ್ಣಿಟ್ಟು, ಎಂಟು ಗಂಟೆಗೆ ತನಗೆ ಪರೀಕ್ಷೆ ಇದೆ ಎಂದು ಇಂಗ್ಲಿಷಿನಲ್ಲೇ ತಿಳಿಸಿದಳಂತೆ. ಆನೆ ‘ಪೇಯ್ಡ್ ಕ್ಲೋಸ್ ಅಟೆನ್ಷನ್’ ಅಂತೆ. ಭಾನುವಿನ ವಾಕ್ಯದಿಂದ ಕಳಚಿಕೊಂಡು ಬಂದ ಆ ಜೋಡಿ ಆನೆಯ ಮೇಲೆ ಹೋಗಿ ಕುಳಿತು ಟಕ್ ಎಂದದ್ದು ಗೋಡೆಯ ಹತ್ತಿರ ನಿಂತವರಿಗೂ ಕೇಳಿಸಿತು. ಇಂಗ್ಲಿಷ್ ಬಾರದ ಹೆಂಗಸರೂ ಅವಳ ಕೈ ನೋಡಿಯೇ ನಗುತ್ತಿದ್ದರು. ಐದು ನಿಮಿಷದ ಮಾತು ಹನ್ನೆರಡು ನಿಮಿಷವಾಗಿತ್ತು. ಕುಮಾರೇಶ್ ಪೆನ್ನು ಹುಡುಕಲು ಬಗ್ಗಲಿಲ್ಲ.

ಮೇಡಂ ನಗುವನ್ನು ಒರೆಸಿಕೊಂಡು, ಅದೇನು ನಿಮ್ಮ ಕೈ ಮಾಡುತ್ತಿರುವುದು ಎಂದರು. ವನಿತಾ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು, ಆಮೇಲೆ ಮುಂದಕ್ಕೆ ತಂದಳು. ಒತ್ತು, ಟಕ್, ಎಳೆ ಎಂದು ಮಾಡಿ ತೋರಿಸಿದಳು. ತನ್ನ ಲೈನಿನವರಿಗೆಲ್ಲ ಹೀಗೇ ಕಲಿಸುತ್ತೇನೆ, ಪುಸ್ತಕ ಬೇಡ, ಆರು ತಿಂಗಳಲ್ಲಿ ಇಪ್ಪತ್ತಾರು ಜನರೂ ನಿಮ್ಮೊಂದಿಗೆ ಪರದೆಯ ಮೇಲೆ ಜಗಳಕ್ಕೆ ನಿಲ್ಲುತ್ತಾರೆ ಎಂದಳು, ಮುರಿದ ಇಂಗ್ಲಿಷಿನಲ್ಲಿ, ಆದರೆ ಮುರಿದ ಚೂರುಗಳೆಲ್ಲ ಎರಡೆರಡಾಗಿ ಅಂಟಿಕೊಂಡಿದ್ದವು. ಮೇಡಂ ತಾವೂ ಒಂದು ಕಾಲದಲ್ಲಿ ಹಲಗೆಯ ಮುಂದೆ ನಿಂತವರು ಎಂಬುದು ಅವರು ತಮ್ಮ ಹೆಬ್ಬೆರಳನ್ನು ನೋಡಿಕೊಂಡ ರೀತಿಯಿಂದ ಗೊತ್ತಾಯಿತು. ಅವರು ಭಾನುವಿನ ಕಡೆ ತಿರುಗಿದರು. ನೀವೂ ಅದೇ ಬಸ್ಸಿನಲ್ಲಿದ್ದಿರಲ್ಲ, ನಿಜವಾಗಿ ಹನ್ನೊಂದು ಆನೆಯೇ?

ಇಪ್ಪತ್ತೆಂಟು ದಿನಗಳು ಸಾಲಾಗಿ ಬಂದು ವನಿತಾಳ ಎದುರಿಗೆ ನಿಂತವು. ಒಂದು ಮಾತು ಸಾಕಿತ್ತು, ‘ಟೂ’ ಎಂದರೆ ಮುಗಿಯುತ್ತಿತ್ತು. ಕೆಲಸ ಭಾನುವಿಗೆ, ನಗೆ ಊರಿಗೆ. ಭಾನು ಹಾಗೆ ಹೇಳುವುದೇ ನ್ಯಾಯ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಬದುಕಿನಲ್ಲಿ ಎಂದೂ ಎಲ್ಲಿಯೂ ತಪ್ಪದ ಭಾನು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ತಲೆ ಎತ್ತಿ, ಸ್ವಚ್ಛವಾದ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವ ಸಣ್ಣ ದನಿಯಲ್ಲೇ ಹೇಳಿದಳು: ಇಲ್ಲ ಮೇಡಂ, ಹನ್ನೆರಡು, ಮರಿಯೊಂದು ಬಸ್ಸಿನ ಕೆಳಗೆ ಇತ್ತು, ವನಿತಾ ಕೂತ ಕಡೆಯಿಂದ ಅದು ಕಾಣುತ್ತಿರಲಿಲ್ಲ.

ಆ ಕೋಣೆ ಕಟ್ಟಿದ ಮೇಲೆ ಅಷ್ಟು ದೊಡ್ಡ ನಗು ಅದರೊಳಗೆ ಹುಟ್ಟಿರಲಿಲ್ಲ. ಕಿಟಕಿಯ ಗಾಜು ಅದುರಿತು, ಜೂಜುವಾಡಿಯ ಲಾರಿಗಳು ಬ್ರೇಕು ಹಾಕಿದವು ಎಂದರೂ ನಂಬಬಹುದು. ಮೇಡಂ ಮೇಜನ್ನು ಅಂಗೈಯಿಂದ ತಟ್ಟಿದರು. ಊಟಕ್ಕೆ ಬಿಡುವ ಹೊತ್ತಿಗೆ, ಹನ್ನೆರಡೂ ನಲವತ್ತಕ್ಕೆ, ಕುಮಾರೇಶ್ ಲೀಡರ್ ಕಟ್ಟುವ ನೀಲಿ ಪಟ್ಟಿಯೊಂದನ್ನು ತಂದು, ಮುಗುಳ್ನಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ವನಿತಾಳ ತೋಳಿಗೆ ತಾನೇ ಕಟ್ಟಿದ. “ಪರವಾಯಿಲ್ಲೆಮ್ಮಾ” ಎಂದ ತಮಿಳಿನಲ್ಲೇ. ಅಡ್ಡಿಯಿಲ್ಲ ಎಂದಷ್ಟೇ ಅದರ ಅರ್ಥ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಹೊಸೂರಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

ಲಾಕರಿನಿಂದ ಫೋನು ತೆಗೆದು ಮನೆಗೆ ಹಚ್ಚಬೇಕೆಂದು ಓಡಿದ ವನಿತಾ ಅರ್ಧ ದಾರಿಯಲ್ಲೇ ನಿಂತಳು. ಏನೆಂದು ಹೇಳುವುದು? ಅವಳು ಲೀಡರ್ ಆದದ್ದು ಊರಿಗೆ ಹಳೆಯ ಸುದ್ದಿ, ಕಜ್ಜಾಯ ಜೀರ್ಣವಾಗಿ ತಿಂಗಳಾಗಿತ್ತು. ಜೀವಮಾನದ ಅತಿ ದೊಡ್ಡ ಗೆಲುವು, ಹೇಳಿಕೊಳ್ಳಲು ಇಡೀ ಲೋಕದಲ್ಲಿ ಒಂದು ಕಿವಿಯೂ ಉಳಿದಿರಲಿಲ್ಲ. ಉಳಿದಿದ್ದ ಒಂದು ಕಿವಿ ಕ್ಯಾಂಟೀನಿನ ಮೂಲೆಯಲ್ಲಿ ಮೊಸರನ್ನ ಕಲಸುತ್ತಿತ್ತು. ಅವಳು ಬ್ಯಾಗಿನಿಂದ ನೋಟುಬುಕ್ಕು ತೆಗೆದು ಭಾನುವಿನ ತಟ್ಟೆಯ ಪಕ್ಕ ಇಟ್ಟಳು, ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಬೇಕೂಂತಲೇ ಇಟ್ಕಂಡಿದ್ದೆ ಕಣೆ ಭಾನು. ನೀನು ಓದಬಾರ್ದು ಅಂತ.”

“ಗೊತ್ತು ಕಣಕ್ಕ. ನಿಂಗೆ ಕೊಟ್ಟಿದ್ದು ಯಾವತ್ ವಾಪಸ್ ಬಂದೈತೆ? ನಮ್ಮಮ್ಮನ ಇಡ್ಲಿ ಪಾತ್ರೆ ಕೊಟ್ಟು ಎರಡ್ ವರ್ಸ ಆಯ್ತು. ಅದ್ಕೇ ಕೊಡೋಕ್ ಮುಂಚೇನೇ ಇನ್ನೊಂದ್ ಬರ್ಕೊಂಡ್ಬುಟ್ಟಿದ್ದೆ.”

ಇಪ್ಪತ್ತೆಂಟು ದಿನ ಹೊತ್ತ ಪಾಪ ಒಂದು ತುತ್ತು ಮೊಸರನ್ನದ ಜೊತೆಗೆ ಇಳಿದುಹೋಯಿತು. ವನಿತಾಳಿಗೆ ಹಗುರವೂ ಆಯಿತು, ಅವಮಾನವೂ ಆಯಿತು; ಅಷ್ಟು ದೊಡ್ಡ ಮೋಸವನ್ನು ಇಷ್ಟು ಸಣ್ಣದು ಮಾಡಿಟ್ಟಳಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು. ಮತ್ತೆ ಹನ್ನೆರಡು ಎಂದು ಏಕೆ ಹೇಳಿದೆ ಎಂದು ಕೇಳಿದಳು. ಭಾನು ಉಪ್ಪಿನಕಾಯಿಯ ಸಿಪ್ಪೆಯನ್ನು ತಟ್ಟೆಯ ಅಂಚಿಗೆ ಒರೆಸಿದಳು.

“ನಾನ್ ಮಾತಾಡೋವಾಗ ಆಯಮ್ಮ ವಾಚ್ ನೋಡ್ತಾ ಇತ್ತು. ನೀನ್ ಮಾತಾಡೋವಾಗ ವಾಚ್ ಇರೋದೇ ಮರ್ತೋಗಿತ್ತು. ನಾನೂ ಒಂದ್ಸಲ ನಗಿಸ್ಬೇಕು ಅನ್ನಿಸ್ತು, ಅಷ್ಟೇ. ಮುಂದಿನ ವರ್ಸ ಬಿ ಲೈನ್ ಐತೆ. ಆವಾಗ ನೀನು ಬಾಯಿ ಮುಚ್ಕಂಡಿರು.”

ಅಷ್ಟೇ ಎಂದದ್ದು ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೈ ತೊಳೆಯುವಲ್ಲಿ ಇಬ್ಬರೂ ಒಂದೇ ನಲ್ಲಿಯ ಕೆಳಗೆ ನಿಂತರು, ನೀರು ಸಣ್ಣಗೆ ಬರುತ್ತಿತ್ತು, ಯಾರೂ ಆತುರಪಡಲಿಲ್ಲ.

ಊಟದ ಗಂಟೆ ಮುಗಿದಾಗ ಇಪ್ಪತ್ತಾರು ಹೆಂಗಸರು ಹಲಗೆಗಳ ಮುಂದೆ ನಿಂತು ಅವಳನ್ನೇ ನೋಡುತ್ತಿದ್ದರು. ಇದುವರೆಗೆ ಅವಳು ಎಷ್ಟೋ ಜನರ ಮುಂದೆ ಎಷ್ಟೋ ಹೇಳಿದ್ದಳು, ಆದರೆ ಹೇಳಿದ್ದನ್ನು ಮಾಡಲು ಯಾರೂ ಕಾದು ನಿಂತಿರಲಿಲ್ಲ. ಬಸ್ಸು ತಡವಾದ್ದರಿಂದ ಬೆಳಗಿನ ಪಾಲು ಅರ್ಧಕ್ಕೇ ನಿಂತಿತ್ತು. ದಿನದ ಲೆಕ್ಕ ನಾನೂರ ಐವತ್ತು ಕಟ್ಟು, ಇವತ್ತು ನಾನೂರು ಮುಟ್ಟಿದರೆ ದೊಡ್ಡದು, ಮೇಡಂಗೆ ಹಾಗೇ ಹೇಳಿದ್ದೇನೆ ಎಂದು ಕುಮಾರೇಶ್ ಕಿವಿಯಲ್ಲಿ ಉಸುರಿ ಹೋಗಿದ್ದ. ಬೆಲ್ಟು ಓಡಿಸುವ ಹಸಿರು ಗುಂಡಿಯ ಮೇಲೆ ಅವಳು ಹೆಬ್ಬೆರಳಿಟ್ಟಳು. ಗುಂಡಿ ಬೆಚ್ಚಗಿತ್ತು. ಹನ್ನೊಂದು ವರ್ಷ ಅದನ್ನು ದೂರದಿಂದ ನೋಡಿದ್ದಳು, ಬೆಚ್ಚಗಿರುತ್ತದೆಂದು ಗೊತ್ತಿರಲಿಲ್ಲ. ಇವತ್ತಿಗೆ ಎಷ್ಟು ಎಂದು ಶರ್ಮಿಳಾ ಕೇಳಿದಳು, ಕಣ್ಣಿನಲ್ಲಿ ತುಂಟತನ ತುಂಬಿಕೊಂಡು.

“ಐನೂರು” ಎಂದಳು ವನಿತಾ.

ಹೆಂಗಸರು ಹೋ ಎಂದರು. ಯಾರೋ ತೆಲುಗಿನಲ್ಲಿ ಬೈದರು, ಯಾರೋ ಹನ್ನೆರಡು ಆನೆಗಳನ್ನೂ ಕೆಲಸಕ್ಕೆ ಕರೆಸು ಎಂದರು, ಭಾನು ತಲೆಯ ಟೋಪಿ ಬಿಗಿದುಕೊಂಡಳು. ವನಿತಾ ಗುಂಡಿ ಒತ್ತಿದಳು. ಬೆಲ್ಟು ಒಮ್ಮೆ ನಡುಗಿ ಹೊರಟಿತು. ಆ ಮಧ್ಯಾಹ್ನ ಯಾರೂ ನೀರು ಕುಡಿಯಲು ಹೋಗಲಿಲ್ಲ, ಟೇಪು ಸುತ್ತುವ ಕೈಗಳು ಕಣ್ಣಿಗೆ ಬೀಳಲಿಲ್ಲ, ಐವತ್ತೆರಡು ಹೆಬ್ಬೆರಳುಗಳ ಟಕ್ ಟಕ್ ಟಕ್ ಒಂದರ ಮೇಲೊಂದು ಬಿದ್ದು ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಸುರಿದ ಹಾಗೆ ಕೇಳುತ್ತಿತ್ತು. ಪುಣೆಯ ಮೇಡಂ ಒಂದು ಸಲ ಬಂದು ನಿಂತು ನೋಡಿ ಹೋದರು. ನಾನೂರು ದಾಟಿದ್ದನ್ನು ಯಾರೂ ಕೂಗಿ ಹೇಳಲಿಲ್ಲ. ನಾನೂರ ಐವತ್ತು ದಾಟಿದಾಗ ಕುಮಾರೇಶ್ ಓಡಿಬಂದು ಎಣಿಕೆಯ ಡಬ್ಬಿಯನ್ನು ತಟ್ಟಿ ನೋಡಿದ, ಕೆಟ್ಟಿದೆಯೇನೋ ಎಂದು. ಸೈರನ್ ಕೂಗಿ ಬೆಲ್ಟು ನಿಂತಾಗ ಕೆಂಪು ಅಂಕಿಗಳು ಐನೂರ ಮೂರು ಎಂದು ತೋರಿಸುತ್ತಿದ್ದವು. ವನಿತಾ ಹತ್ತಿರ ಹೋಗಿ, ಕಣ್ಣು ಕಿರಿದುಮಾಡಿ, ಎರಡೆರಡು ಸಲ ಓದಿದಳು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಕಡಿಮೆ ಹೇಳಿದ್ದಳು.